ದುರ್ಯೋಧನನ ಎದೆಗೆ ಕಟ್ಟಿದ ಕೂಸು

ಕುಶಾಲನಗರ, ಮಂಗಳವಾರ

ನೆರೆದಿರುವ ಮಹಾಜನರೇ! ಅಕ್ಕಾ, ಇದನ್ನು ಜಗಲಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದು. ನನ್ನಾಕೆ ಯಮುನಾಗೆ ಜ್ವರ ಬಂದು ಮಗು ನನ್ನ ಪಾಲಿಗೆ ಬಿತ್ತು. ದುರ್ಯೋಧನನ ಮಾತು ಅಭ್ಯಾಸ ಮಾಡಲು ನಾನು ಬಾಯಿ ತೆರೆದರೆ ಸಾಕು, ಅದೂ ಬಾಯಿ ತೆರೆಯುತ್ತಿತ್ತು! ನಾಳೆಯೊಳಗೆ ಬಾಯಿಪಾಠವಾಗದಿದ್ದರೆ ಪಾತ್ರ ಬೇರೆಯವನಿಗೆ ಎಂದು ನಾಟಕ ಕಂಪನಿ ಯಜಮಾನರು ಗುಡುಗಿಬಿಟ್ಟರು. ಕೈಯಾದರೂ ಬಿಡುವಾಗಲೆಂದು ರಾಜನ ರೇಷ್ಮೆ ಶಲ್ಯದಲ್ಲಿ ಮಗುವನ್ನು ಎದೆಗೆ ಕಟ್ಟಿಕೊಂಡೆ. ಜಾರಿ ಜಾರಿ ಸೊಂಟಕ್ಕೆ ಬಂತು.

ಮನೆಯೊಡತಿ ಬೊಳ್ಳಮ್ಮನವರು ಬಿದ್ದುಬಿದ್ದು ನಕ್ಕರು. "ಏನ್ ಮಾರಾಯ್ರೇ, ಮಗು ಏನು ಗದೆಯಾ? ಹಳೇ ನೂಲಿನ ಸೀರೆ ತನ್ನಿ. ಮಗುವಿನ ಬೆನ್ನಿಗೆ ಅಗಲಕ್ಕೆ ಹರಡಿ. ಅದ್ರ ಮೊಣಕಾಲು ಕುಂಡೆಗಿಂತ ಮೇಲಿರ್ಲಿ. ನೀವು ಬಗ್ಗಿದ್ರೆ ನೆತ್ತಿಗೆ ಮುತ್ತು ಸಿಗ್ಬೇಕು."

ಹಾಗೇ ಬಿಗಿದೆ. ಮಗುವಿನ ಕಿವಿ ನನ್ನ ಎದೆಗೆ ಒತ್ತಿತು. "ಎಲವೋ ಭೀಮಾ!" ಎಂದು ಹೆಂಚು ಹಾರುವಂತೆ ಗರ್ಜಿಸಿದೆ. ಆಹಾ, ಮಗು ಆಕಳಿಸಿ ನಿದ್ದೆಹೋಯಿತು! ಈಗ ನಾನು ಸುಮ್ಮನಾದರೇ ಎದ್ದು ಅಳುತ್ತದೆ.

ಯಮುನಾಳ ಜ್ವರ ಇಳಿದಿದೆ, ಗಂಜಿ ಕುಡಿದಳು. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಳೆ ಬೆಳಿಗ್ಗೆ ಮಗಳನ್ನು ಎದೆಗೆ ಕಟ್ಟಿಕೊಂಡೇ ಯಜಮಾನರೆದುರು ನಿಂತು, ಅವರ ಕೈಯ ಕಾಫಿ ಲೋಟ ನಡುಗುವಂತೆ ಪಾತ್ರ ಒಪ್ಪಿಸುತ್ತೇನೆ!

ನಿನ್ನ ತಮ್ಮ
ರೇವಣ್ಣ