ಅತಿಥಿ ತಂಡದ ಕೋಣೆ

ರಾಯ್ಸ್,

ನಾನು ನಿನ್ನ ಅಕ್ಕ. ಊರಿಗೆಲ್ಲ ಗೊತ್ತಿರುವ ಈ ಮಾತನ್ನು ಬರೆದು ತಿಳಿಸಬೇಕಾಗಿ ಬಂದಿದೆ, ಏಕೆಂದರೆ ಶಾಲಾ ಮಂಡಳಿಯ ಸಭೆಯಲ್ಲಿ ಅಷ್ಟು ಜನರ ಎದುರು ನೀನು ಅದನ್ನು ಮರೆತೆ. ನಾನು ಮೈಕಿನ ಮುಂದೆ ನಿಂತಿದ್ದೆ. ನೀನು ಅಧ್ಯಕ್ಷರ ಕುರ್ಚಿಯಲ್ಲಿ, ಎದುರಿಗೆ ಅಡುಗೆಮನೆಯ ಟೈಮರ್ ಒಂದನ್ನಿಟ್ಟುಕೊಂಡು ಕೂತಿದ್ದೆ. ನಾನಿನ್ನೂ ಅರ್ಧ ವಾಕ್ಯದಲ್ಲಿರುವಾಗಲೇ ಅದು ಕಿರುಚಿತು. "ಮೂರು ನಿಮಿಷ ಆಯ್ತು ಮಿಸೆಸ್ ಕೈಪರ್. ದಯವಿಟ್ಟು ಕೂತ್ಕೊಳ್ಳಿ" ಎಂದೆ ನೀನು.

ಮಿಸೆಸ್ ಕೈಪರ್! ಹಿಮ ಮೊಣಕಾಲುದ್ದ ಬಿದ್ದಿರುವಾಗ ನಿನ್ನ ಕೈ ಹಿಡಿದು ಶಾಲೆಯ ಬಸ್ಸು ಹತ್ತಿಸಿದವಳು, ಒಂಬತ್ತನೇ ತರಗತಿಯ ಬೀಜಗಣಿತವನ್ನು ನಿನ್ನ ತಲೆಗೆ ತುರುಕಿದವಳು ಈ ಮಿಸೆಸ್ ಕೈಪರ್. ಸಭೆ ಮುಗಿದ ಮೇಲೆ ಕಾರಿನ ಹತ್ತಿರ ಬಂದು, "ನಿಯಮ ಎಲ್ರಿಗೂ ಒಂದೇ ಅಕ್ಕಾ. ನಿಂಗೆ ಜಾಸ್ತಿ ಟೈಮ್ ಕೊಟ್ರೆ ಜನ ಏನಂದ್ಕೊಳ್ತಾರೆ?" ಎಂದು ಪಿಸುಗುಟ್ಟಿದೆ. ನನಗಿಂತ ಮುಂಚೆ ಮಾತಾಡಿದ ಕ್ರೀಡಾಭಿಮಾನಿ ಸಂಘದವನು ಕೃತಕ ಹುಲ್ಲು ಎಷ್ಟು ಮೆತ್ತಗಿರುತ್ತದೆ ಎಂದು ಒಂಬತ್ತು ನಿಮಿಷ ಕೊರೆದ. ಆಗ ನಿನ್ನ ಟೈಮರಿಗೆ ಬಾಯಿ ಬರಲಿಲ್ಲ. ನಾನು ಗೋಡೆಯ ಗಡಿಯಾರ ನೋಡಿಕೊಂಡೇ ಕೂತಿದ್ದೆ, ರಾಯ್ಸ್.

ಈ ಪತ್ರವನ್ನು ನಿನ್ನ ಮನೆಗಲ್ಲ, ನಿನ್ನ ಟ್ರ್ಯಾಕ್ಟರ್ ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಬಾಗಿಲು ಮುಚ್ಚಿಕೊಂಡು ಒಬ್ಬನೇ ಕೂತು ಓದು.

ನನ್ನ ತರಗತಿಯನ್ನು ನೀನು ಒಮ್ಮೆಯಾದರೂ ನೋಡಿದ್ದೀಯಾ? ಹತ್ತೊಂಬತ್ತು ವರ್ಷ ನಾನು ರೋಗಿಗಳ ಆರೈಕೆಯ ಪಾಠ ಮಾಡಿದ್ದು ಹಳೆಯ ಜಿಮ್ನಾಷಿಯಂನಲ್ಲಿ ಪ್ರೇಕ್ಷಕರು ಕೂರುವ ಮೆಟ್ಟಿಲು ಸಾಲುಗಳ ಕೆಳಗೆ, ಕುಸ್ತಿಯ ಚಾಪೆಗಳನ್ನು ಒಟ್ಟುತ್ತಿದ್ದ ಉಗ್ರಾಣದಲ್ಲಿ. ಎರಡು ಆಸ್ಪತ್ರೆ ಮಂಚ, ರೋಗಿಯ ಬದಲಿಗೆ ಒಂದು ರಬ್ಬರ್ ಗೊಂಬೆ. ಚಾವಣಿ ಇಳಿಜಾರು. ಮಂಚದ ಆ ಬದಿಗೆ ಹೋಗಬೇಕಾದರೆ ಹುಡುಗಿಯರು ತಲೆ ತಗ್ಗಿಸಬೇಕು. ಮೇಲೆ ಬಾಸ್ಕೆಟ್‌ಬಾಲ್ ಶುರುವಾದರೆ ನಾಡಿ ಎಣಿಸುವುದು ಹೇಗೆ? ಕಿವಿಯಲ್ಲಿ ಚೆಂಡಿನದೇ ಬಡಿತ. ಕೈ ತೊಳೆಯಲು ಆ ಕೋಣೆಯಲ್ಲಿ ನಲ್ಲಿಯೇ ಇರಲಿಲ್ಲ. ರೋಗಿಯನ್ನು ಮುಟ್ಟುವ ಮುನ್ನ ಕೈ ತೊಳೆಯಬೇಕು ಎನ್ನುವುದು ನನ್ನ ಮೊದಲ ಪಾಠ. ಅದಕ್ಕಾಗಿ ನನ್ನ ಹುಡುಗಿಯರು ಮೊಗಸಾಲೆ ದಾಟಿ ಗಂಡುಹುಡುಗರ ಶೌಚಾಲಯಕ್ಕೆ ಹೋಗಬೇಕಿತ್ತು. ಅವರು ತೊಳೆದು ಬರುವವರೆಗೆ ನಾನು ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದೆ.

ಆ ಉಗ್ರಾಣದಿಂದ ಹೊರಬಂದವಳು ಯೆಸೇನಿಯಾ. ಆ ಹೆಸರು ನಿನಗೆ ಮರೆತಿರಲಾರದು. ಹಂದಿ ಮಾಂಸದ ಕಾರ್ಖಾನೆಯಲ್ಲಿ ದುಡಿಯುವ ತಾಯಿಯ ಮಗಳು. ಅಮ್ಮ ವೃದ್ಧಾಶ್ರಮದಲ್ಲಿ ಕೊನೆಯ ಏಳು ತಿಂಗಳು ಮಲಗಿದ್ದಾಗ ಅವಳನ್ನು ನೋಡಿಕೊಂಡಿದ್ದು ಆ ಹುಡುಗಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದಳು. ಅಮ್ಮನ ಬೆನ್ನಲ್ಲಿ ಒಂದೇ ಒಂದು ಹುಣ್ಣಾಗಲಿಲ್ಲ. ಅಮ್ಮ ನಿನ್ನ ಹೆಸರು ಮರೆತಳು, ನನ್ನ ಹೆಸರನ್ನೂ ಮರೆತಳು. ಆದರೆ ಯೆಸೇನಿಯಾ ಬಂದರೆ ಮಾತ್ರ ಬಾಯಿ ತೆರೆದು ತುತ್ತು ತೆಗೆದುಕೊಳ್ಳುತ್ತಿದ್ದಳು. "ಇನ್ನೊಂದೇ ಒಂದು ಚಮಚ ಅಜ್ಜಿ, ಸೇಬಿನ ಗೊಜ್ಜು, ನಾನೇ ಸಕ್ಕರೆ ಕದ್ದು ಹಾಕಿದೀನಿ" ಎಂದು ಅವಳು ರಮಿಸುತ್ತಿದ್ದುದನ್ನು ನೀನೂ ಬಾಗಿಲಲ್ಲಿ ನಿಂತು ಕೇಳಿದ್ದೀಯ.

ಅಮ್ಮ ಹೋದ ಬೆಳಿಗ್ಗೆ ಯೆಸೇನಿಯಾ ಅವಳ ಮೈ ಒರೆಸಿ, ತಲೆ ಬಾಚಿ, ನೀಲಿ ಸ್ವೆಟರ್ ತೊಡಿಸಿದಳು. ಆಗ ನೀನು ಅತ್ತೆ. ನಾನು ಅಳಲಿಲ್ಲ, ನೀನು ಅತ್ತೆ. ನನ್ನ ಭುಜ ಹಿಡಿದುಕೊಂಡು, "ಇಂಥಾ ಮಕ್ಕಳನ್ನ ತಯಾರು ಮಾಡೋಳು ನೀನು, ಆ ಬಿಲದೊಳಗೆ ಕೂತು ಮಾಡ್ತಿದೀಯಲ್ಲಕ್ಕಾ. ನಿಂಗೊಂದು ಸರಿಯಾದ ಕೋಣೆ ಕಟ್ಟಿಸಿಕೊಡ್ತೀನಿ. ಅಮ್ಮನಾಣೆ" ಎಂದೆ. ನಾನು ಕೇಳಿರಲಿಲ್ಲ. ನೀನಾಗಿ ಹೇಳಿದೆ.

ಆಮೇಲೆ ನಿನ್ನ ಕ್ರೀಡಾಂಗಣದ ಯೋಜನೆ ಬಂತು. ಮನೆ ತೆರಿಗೆ ಏರಿಸಿ ಶಾಲೆ ಕಟ್ಟುವುದಾದರೆ ನಮ್ಮಲ್ಲಿ ನೂರಕ್ಕೆ ಅರವತ್ತು ಜನ ಹೂಂ ಎನ್ನಬೇಕು. ಮೊದಲ ಸಲ ನೀವು ಇಟ್ಟಿದ್ದು ಫುಟ್‌ಬಾಲ್ ಮೈದಾನ, ಓಟದ ಪಥ, ದೊಡ್ಡ ಅಂಕಫಲಕ, ಅಷ್ಟೇ. ಊರು ಒಪ್ಪಲಿಲ್ಲ. ಐವತ್ತೊಂದಕ್ಕೆ ನಿಂತುಹೋಯಿತು. ಮರು ಭಾನುವಾರವೇ ನೀನು ನನ್ನ ಅಡುಗೆಮನೆಯಲ್ಲಿದ್ದೆ. ರುಬಾರ್ಬ್ ಪೈ ಎರಡು ತುಂಡು ತಿಂದು ಮೇಜಿನ ಮೇಲೆ ಹೊಸ ನಕ್ಷೆ ಹರಡಿದೆ. ಮೈದಾನದ ಪಕ್ಕದಲ್ಲೇ ವೃತ್ತಿ ಶಿಕ್ಷಣದ ಕಟ್ಟಡ. ವೆಲ್ಡಿಂಗಿಗೆ ಹತ್ತು ಗೂಡು, ಮರಗೆಲಸಕ್ಕೆ ದೊಡ್ಡ ಕೋಣೆ, ಮತ್ತು ಪೂರ್ವ ದಿಕ್ಕಿನ ಕಿಟಕಿಗಳ ಕೋಣೆಯ ಮೇಲೆ ಅಚ್ಚಾಗಿತ್ತು: ಆರೋಗ್ಯ ಸೇವಾ ತರಗತಿ. ಆರು ಮಂಚ. ನಾಲ್ಕು ಸಿಂಕು. ನಾನು ಆ ನಾಲ್ಕು ಪುಟ್ಟ ಚೌಕಗಳ ಮೇಲೆ ಬೆರಳಿಟ್ಟು ಎಣಿಸಿದೆ.

"ಆದ್ರೆ ಜನ ನನ್ನ ಮಾತು ನಂಬಲ್ಲ ಅಕ್ಕಾ, ಆಟದ ಹುಚ್ಚು ಅಂತಾರೆ. ನೀನು ಹೇಳಿದ್ರೆ ನಂಬ್ತಾರೆ" ಎಂದೆ.

ನಂಬಿದರು. ನಾನು ನಾನೂರು ಬಾಗಿಲು ತಟ್ಟಿದೆ. ಎಲ್ಲೆಲ್ಲೂ ಬೈಗುಳ, ನಾಯಿ. ಹಾರ್ಲನ್ ಟೇಡನ್ ಗೊತ್ತಲ್ಲ, ಜೀವಮಾನದಲ್ಲಿ ಒಂದು ತೆರಿಗೆಗೂ ಹೂಂ ಎಂದವನಲ್ಲ. ಜಾಲರಿ ಬಾಗಿಲಿನ ಆಚೆಯಿಂದಲೇ, "ನಿನ್ನ ತಮ್ಮನಿಗೆ ತಾನು ಫುಟ್‌ಬಾಲ್ ಆಡ್ತಿದ್ದ ಹದಿನೇಳನೇ ವಯಸ್ಸು ವಾಪಸ್ ಬೇಕಾಗಿದೆ ವಾಂಡಾ. ಅದಕ್ಕೆ ನಾನ್ಯಾಕಮ್ಮಾ ತೆರಿಗೆ ಕಟ್ಲಿ?" ಎಂದ. "ತಮ್ಮನ ವಿಷಯ ಬಿಡಿ ಹಾರ್ಲನ್. ನಾಳೆ ನೀವು ಹಾಸಿಗೆ ಹಿಡಿದ್ರೆ ಎತ್ತಿ ಕೂರಿಸೋರು ಯಾರು? ಮಗ ಅರಿಜೋನಾದಿಂದ ಬರ್ತಾನಾ?" ಎಂದೆ. ಅವನು ಬಾಗಿಲು ತೆಗೆದು ಕಾಫಿ ಕೊಟ್ಟ. ಮತದಾನದ ದಿನ ಊರುಗೋಲು ಊರಿಕೊಂಡು ಬಂದು, ಹೊರಗೆ ಬಂದಾಗ ನನಗೆ ಹೆಬ್ಬೆರಳು ಎತ್ತಿ ತೋರಿಸಿದ. ಅರವತ್ತೆರಡು ಬಿತ್ತು. ಆ ಎರಡಕ್ಕೆ ಕಾರಣ ನಾನು. ಬಡಾಯಿ ಎನ್ನಬೇಡ, ಆ ದಿನ ನೀನೇ ಎಲ್ಲರ ಮುಂದೆ ನನ್ನನ್ನು ಎತ್ತಿ ತಿರುಗಿಸಿ ಹಾಗೆಂದೆ.

ಮುಂದಿನದನ್ನು ನೀನೇ ಮಾಡಿದ್ದು, ಆದರೂ ಹೇಳುತ್ತೇನೆ. ಗುತ್ತಿಗೆದಾರರ ದರಗಳು ಅಂದಾಜಿಗಿಂತ ಹೆಚ್ಚು ಬಂದವು. ಏನಾದರೂ ಬಿಡಬೇಕಾಗಿತ್ತು. ನೀವು ಏಳು ಜನ ಮೇಜಿನ ಸುತ್ತ ಕೂತು ವೆಲ್ಡಿಂಗಿನ ಹತ್ತು ಗೂಡನ್ನು ನಾಲ್ಕಕ್ಕೆ ಇಳಿಸಿದಿರಿ. ನನ್ನ ಕೋಣೆಯನ್ನು ಪೂರ್ತಿ ಅಳಿಸಿ ಅದಕ್ಕೆ 'ಎರಡನೇ ಹಂತ' ಎಂದು ಹೆಸರಿಟ್ಟಿರಿ. ಅಂಕಫಲಕದ ಒಂದು ದೀಪವೂ ಕಡಿಮೆಯಾಗಲಿಲ್ಲ. ಆ ಸಭೆಯಲ್ಲೇ ನಾನು ಮೈಕಿನ ಮುಂದೆ ನಿಂತಿದ್ದು. ನಿನ್ನ ಟೈಮರ್ ಕಿರುಚಿದಾಗ ನನ್ನ ಬಾಯಲ್ಲಿದ್ದ ವಾಕ್ಯ ಇದು: ನಾನು ನಾನೂರು ಮನೆಗಳಲ್ಲಿ ಸುಳ್ಳು ಹೇಳಿಬಂದೆನೇ, ನೀವೇ ಹೇಳಿ. ಅರ್ಧಕ್ಕೆ ನಿಂತಿತು. ನೀನು ಮತ ಕೇಳಿದೆ. ನಿನ್ನ ಕೈ ಎಲ್ಲರಿಗಿಂತ ಮೊದಲು ಮೇಲೆ ಹೋಯಿತು. ಅಮ್ಮನ ಮೇಲೆ ಆಣೆಯಿಟ್ಟ ಮನುಷ್ಯನ ಕೈ.

ಹೋದ ವರ್ಷ ಸೆಪ್ಟೆಂಬರಿನ ಮೊದಲ ಪಂದ್ಯಕ್ಕೆ ನಾನೂ ಬಂದಿದ್ದೆ. ಟಿಕೆಟ್ ಕೊಂಡು, ಚಿಪ್ಸ್ ಪೊಟ್ಟಣದೊಳಗೇ ಖೀಮಾ ಸುರಿದು ಕೊಟ್ಟಿದ್ದನ್ನು ತಿನ್ನುತ್ತ ಸುತ್ತಲೂ ನಡೆದೆ. ಮೈದಾನ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಮಕ್ಕಳು ಓಡುವುದನ್ನು ನೋಡಿ ನನಗೂ ಖುಷಿಯಾಯಿತು. ಆಟ ಬೇಡವೆಂದು ನಾನು ಎಂದೂ ಹೇಳಿದವಳಲ್ಲ. ಆಮೇಲೆ ಶಾಲೆಯ ಸ್ವಚ್ಛತೆ ನೋಡಿಕೊಳ್ಳುವ ಲೈಲ್ ನನ್ನನ್ನು ಕರೆದ. "ವಾಂಡಾ, ನಿಂಗೊಂದು ತೋರಿಸ್ತೀನಿ ಬಾ, ಹೊಟ್ಟೆ ಉರ್ಕೋಬೇಡ" ಎಂದು ಒಂದು ಬಾಗಿಲು ತೆಗೆದ. ಅತಿಥಿ ತಂಡದವರು ಬಟ್ಟೆ ಬದಲಿಸುವ ಕೋಣೆ. ಬೆಚ್ಚಗಿನ ನೆಲ, ಗೋಡೆಗೆ ಬಿಳಿ ಟೈಲ್ಸ್, ಅಗಲವಾದ ಬಾಗಿಲು. ಒಂದು ಗೋಡೆಯುದ್ದಕ್ಕೂ ಸಿಂಕುಗಳು. ಆರು. ಬಿಸಿನೀರು ತಕ್ಷಣ ಬಂತು. ವರ್ಷಕ್ಕೆ ಐದು ಶುಕ್ರವಾರ ಪರವೂರಿನ ಹುಡುಗರು ಮುಖ ತೊಳೆದುಕೊಳ್ಳಲು ನೀವು ಆರು ಸಿಂಕು ಕೊಟ್ಟಿರಿ. ಹೊಟ್ಟೆ ಉರಿಯದೆ ಇನ್ನೇನಾಗಬೇಕಿತ್ತು?

ಅದಕ್ಕೆ ಹದಿನೈದು ದಿನ ಮುಂಚೆ ರಾಜ್ಯದ ಪರಿಶೀಲಕಿ ನೋಟಿಸು ಕೊಟ್ಟು ಹೋಗಿದ್ದಳು. ಸೆಪ್ಟೆಂಬರ್ ಮುಗಿಯುವುದರೊಳಗೆ ಕೋಣೆಯಲ್ಲೇ ಕೈ ತೊಳೆಯುವ ಏರ್ಪಾಡಾಗದಿದ್ದರೆ ತರಗತಿಗೆ ಬೀಗ. ಹದಿನಾಲ್ಕು ಹುಡುಗಿಯರು ಸೇರಿದ್ದರು. ಆ ಕಾಗದ ನಿನಗೂ ಬಂದಿತ್ತು. "ಬಜೆಟ್ ಸಭೆಯಲ್ಲಿ ನೋಡೋಣ" ಎಂದು ಒಂದು ಸಾಲಿನ ಉತ್ತರ ಕಳಿಸಿದೆ. ಬಜೆಟ್ ಸಭೆ ಇದ್ದದ್ದು ಫೆಬ್ರವರಿಯಲ್ಲಿ.

ಪಂದ್ಯ ಮುಗಿದ ಮರು ಸೋಮವಾರ ಬೆಳಿಗ್ಗೆ ಮೊದಲ ಗಂಟೆಯಲ್ಲೇ ನಾವು ಮಂಚಗಳನ್ನು ತಳ್ಳಿಕೊಂಡು ಹೊರಟೆವು. ಉಗ್ರಾಣದಿಂದ ವಾಹನ ನಿಲ್ಲುವ ಜಾಗ ದಾಟಿ, ನಿನ್ನ ಹೊಸ ಓಟದ ಪಥದ ಅಂಚಿನಲ್ಲಿ, ಆ ಅತಿಥಿ ತಂಡದ ಕೋಣೆಗೆ. ಒಂದು ಮಂಚದ ಚಕ್ರ ಅಡ್ಡಡ್ಡ ತಿರುಗುತ್ತಿತ್ತು. ಗೊಂಬೆಯನ್ನು ಇಬ್ಬರು ಹುಡುಗಿಯರು ನಾನು ಕಲಿಸಿದ ಹಾಗೆಯೇ, ಕುತ್ತಿಗೆಗೆ ಆಧಾರ ಕೊಟ್ಟು ಹೊತ್ತರು. ಒಬ್ಬಳೂ ನಗಲಿಲ್ಲ. ಶಾಲೆಯ ಸೂಪರಿಂಟೆಂಡೆಂಟರು ಓಡೋಡಿ ಬಂದು, "ಯಾರನ್ನ ಕೇಳಿ ಮಾಡ್ತಿದೀರಿ ಇದನ್ನ?" ಎಂದರು. "ಯಾರನ್ನೂ ಕೇಳಿಲ್ಲ. ಕೇಳಿ ಕೇಳಿ ಹತ್ತೊಂಬತ್ತು ವರ್ಷ ಆಯ್ತು" ಎಂದೆ. ಕೀಲಿ ಕೊಟ್ಟವರು ಯಾರೆಂದು ಕೇಳಿದಾಗ ಲೈಲ್ ತಲೆ ಕೆರೆದುಕೊಂಡು, "ಕೀಲೀನಾ ಸಾರ್? ಅದು ಬೀಗವೇ ಸರಿಯಾಗಿ ಕೂತಿಲ್ಲ. ಹೊಸ ಕಟ್ಟಡ ನೋಡಿ" ಎಂದ.

ಆ ಮಧ್ಯಾಹ್ನ ಫೋನಿನಲ್ಲಿ ನೀನು ಕಿರುಚಿದ್ದು ನನಗೆ ಕಂಠಪಾಠವಾಗಿದೆ. "ಊರ ಮುಂದೆ ನನ್ನ ಮಾನ ತೆಗೀಬೇಕು ಅಂತಾನೇ ಮಾಡಿದ್ಯಾ? ನೀನು ನನ್ನ ಅಕ್ಕ ಅನ್ನೋದು ನೆನಪಿದ್ಯಾ ನಿಂಗೆ?" ನೋಡು, ಬೇಕಾದಾಗ ನಿನಗೆ ಅದು ನೆನಪಾಗುತ್ತದೆ.

ಪರಿಶೀಲಕಿ ಬಂದಳು, ಆರು ನಲ್ಲಿಯನ್ನೂ ತಿರುಗಿಸಿ ನೋಡಿದಳು, ಸಹಿ ಹಾಕಿದಳು. ಪಂದ್ಯದ ಶುಕ್ರವಾರಗಳಂದು ಮಂಚಗಳನ್ನು ಗೋಡೆಗೆ ಒತ್ತರಿಸುತ್ತಿದ್ದೆವು. ಎದುರು ತಂಡದ ತರಬೇತುದಾರನೊಬ್ಬ ನನಗೆ ಚೀಟಿ ಬರೆದಿಟ್ಟು ಹೋಗಿದ್ದ: "ನಮ್ಮ ಶಾಲೆಯಲ್ಲೂ ಇಂಥದ್ದಿದ್ದಿದ್ದರೆ ಚೆನ್ನಾಗಿತ್ತು. ನನ್ನ ತಾಯಿಗೆ ಆರೈಕೆಯವರು ಸಿಗುತ್ತಿಲ್ಲ." ಪರವೂರಿನವನಿಗೆ ಅರ್ಥವಾಯಿತು. ನಿನ್ನ ಮಂಡಳಿ ನನಗೆ ಕೊಟ್ಟಿದ್ದು ಅವಿಧೇಯತೆಯ ಎಚ್ಚರಿಕೆ ಪತ್ರ. ಅದರ ಕೆಳಗೆ ನಿನ್ನ ಸಹಿ. ಅಮ್ಮ ತಿದ್ದಿಸಿದ ದುಂಡು ಅಕ್ಷರ. ಕ್ಷಮಾಪಣೆ ಬರೆದುಕೊಟ್ಟರೆ ಕಡತದಿಂದ ತೆಗೆಯುತ್ತೇವೆ ಎಂದು ಹೇಳಿಕಳಿಸಿದೆ. ಬರೆಯಲಿಲ್ಲ. ಬರೆಯುವುದೂ ಇಲ್ಲ.

ಹದಿನಾಲ್ಕರಲ್ಲಿ ಹದಿಮೂರು ಹುಡುಗಿಯರು ಪಾಸಾದರು. ಮೇ ತಿಂಗಳಲ್ಲಿ ನಾನು ರಾಜೀನಾಮೆ ಕೊಟ್ಟೆ. ನಾನು ಸೋತು ಮನೆ ಸೇರಿದೆ ಎಂದು ನೀನು ಕಾಫಿ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದ್ದು ನನ್ನ ಕಿವಿಗೆ ಬಿದ್ದಿದೆ. "ಅಕ್ಕನಿಗೂ ವಯಸ್ಸಾಯ್ತು ಪಾಪ, ರೆಸ್ಟ್ ಬೇಕು" ಎಂದೆಯಂತೆ. ನಿನ್ನ ಪಾಪ ನಿನ್ನ ಹತ್ತಿರವೇ ಇರಲಿ. ತರಗತಿ ಬಿಟ್ಟ ದಿನ ನಾನು ಕಾರಿನಲ್ಲಿ ಕೂತು, ಎಂಜಿನ್ ಚಾಲೂ ಮಾಡಲಾರದೆ, ಅಮ್ಮ ಸತ್ತಾಗ ಅಳದಿದ್ದನ್ನೂ ಸೇರಿಸಿ ಅತ್ತೆ. ಆ ಕೆಲಸ ನನ್ನ ಪ್ರಾಣವಾಗಿತ್ತು. ಅದನ್ನು ಬಿಟ್ಟಿದ್ದು ವಿಶ್ರಾಂತಿಗಲ್ಲ. ಶಾಲೆಯ ಸಂಬಳ ತೆಗೆದುಕೊಳ್ಳುವವರು ಮಂಡಳಿಗೆ ನಿಲ್ಲುವಂತಿಲ್ಲ, ಅದಕ್ಕೆ.

ಹೌದು. ನವೆಂಬರಿನ ಚುನಾವಣೆಗೆ ನಿನ್ನ ಕುರ್ಚಿಗೇ ನಿಲ್ಲುತ್ತಿದ್ದೇನೆ. ಮುಂದಿನ ವಾರ ನಾಮಪತ್ರ ಕೊಡುತ್ತೇನೆ. ಕಾಫಿ ಅಂಗಡಿಯಲ್ಲಿ ಬೇರೆಯವರು ಹೇಳಿ ನಗುವ ಮುಂಚೆ ನನ್ನಿಂದಲೇ ನಿನಗೆ ಗೊತ್ತಾಗಲಿ ಎಂದು ಈ ಪತ್ರ. ತರಗತಿಗೆ ಯೆಸೇನಿಯಾ ಬಂದಿದ್ದಾಳೆ. ಈಗ ಅವಳು ನರ್ಸು, ಪಾಠ ಮಾಡುವ ಪರವಾನಗಿಯನ್ನೂ ತೆಗೆದುಕೊಂಡಿದ್ದಾಳೆ. ಅವಳನ್ನು ಆ ಕೋಣೆಯಿಂದ ಹೊರಹಾಕುವ ಯೋಚನೆ ಯಾರಿಗಾದರೂ ಇದ್ದರೆ ಮೊದಲು ನನ್ನ ಹತ್ತಿರ ಮಾತಾಡಲಿ.

ನಾಮಪತ್ರಕ್ಕೆ ಐವತ್ತು ಸಹಿ ಬೇಕಿತ್ತು. ಹಾರ್ಲನ್ ವೃದ್ಧಾಶ್ರಮದ ಮಂಚದಲ್ಲೇ ದಿಂಬಿಗೊರಗಿ ಹಾಕಿದ. ಲೈಲ್ ಹಾಕಿದ. ಇದನ್ನು ಓದುವಾಗ ಕೂತಿರು: ಎಲ್ಲರಿಗಿಂತ ಮೊದಲಿನ ಸಹಿ ಜನೆಲ್‌ಳದು. ನಾನು ಅವಳ ಬಾಗಿಲು ತಟ್ಟಲಿಲ್ಲ, ನಿನ್ನ ಹೆಂಡತಿಯನ್ನು ಇದರಲ್ಲಿ ಎಳೆಯಬಾರದೆಂದೇ ಇದ್ದೆ. ಅವಳೇ ನಮ್ಮ ಮನೆಗೆ ಬಂದು ಪೆನ್ನು ಕೇಳಿದಳು. "ಜನೆಲ್, ಯೋಚನೆ ಮಾಡು. ನಾಳೆ ಅವನ ಮುಖ ನೋಡ್ಬೇಕಾದೋಳು ನೀನು" ಎಂದೆ. "ಮನೇಲಿ ನಾನು ಅವನ ಹೆಂಡ್ತಿ ವಾಂಡಾ, ಊರಲ್ಲಿ ನಂದೂ ಒಂದು ಓಟಿದೆ. ನಿಮ್ಮಮ್ಮನ ಮೇಲೆ ಅವನು ಆಣೆ ಇಟ್ಟಾಗ ನಾನೂ ಅಲ್ಲೇ ನಿಂತಿದ್ದೆ" ಎಂದಳು. ಸಹಿ ಹಾಕಿ, ನಿನ್ನ ಅಂಗಿಗಳನ್ನು ಇಸ್ತ್ರಿಯವನಿಂದ ತರಬೇಕೆಂದು ಹೊರಟುಹೋದಳು. ಅವಳನ್ನು ಬೈಯಬೇಡ. ಬೈದೆ ಎಂದು ಗೊತ್ತಾದರೆ ನಾನು ಅಂಗಡಿಗೇ ಬರುತ್ತೇನೆ.

ನಿನ್ನ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಇದನ್ನು ಬರೆದರೆ ಇಳಿಯಬಹುದು ಅಂದುಕೊಂಡಿದ್ದೆ, ಇನ್ನೂ ಏರಿದೆ. ಇರಲಿ, ನವೆಂಬರಿನವರೆಗೆ ನನಗದು ಬೇಕು.

ಬಿ.ಪಿ. ಮಾತ್ರೆ ತಪ್ಪಿಸಬೇಡ. ಚೆನ್ನಾಗಿ ನಿದ್ದೆ ಮಾಡು. ದೇವರು ನಿನಗೆ ಒಳ್ಳೆಯ ಆರೋಗ್ಯ, ದೀರ್ಘ ಆಯಸ್ಸು ಮತ್ತು ಒಂದು ದೊಡ್ಡ ಸೋಲು ಕೊಡಲಿ.

ನಿನ್ನ ಅಕ್ಕ,
ವಾಂಡಾ