ತೆಳು ಎಣ್ಣೆಯ ಕ್ಯಾನ್ ಅಟ್ಟದ ಮೇಲಿದೆ

ಅಣ್ಣ,

ಕಾರಿನ ಜೊತೆ ಕೊಟ್ಟ ಪುಸ್ತಕ ಓದುವ ತಾಳ್ಮೆ ನಿನಗೆ ಯಾವತ್ತೂ ಇರಲಿಲ್ಲ.

ಇಂಜಿನ್ ಆಯಿಲ್ ಬದಲಾಯಿಸಲು ಮೆಕ್ಯಾನಿಕ್ ಹತ್ತು ಗಂಟೆಗೆ ಬರುತ್ತಾನೆ. ತೆಳು ಎಣ್ಣೆಯ ಕ್ಯಾನ್ ಅಟ್ಟದ ಮೇಲಿದೆ. ಟ್ರ್ಯಾಕ್ಟರಿಗೆ ತಂದ ದಪ್ಪ ಎಣ್ಣೆ ಶೆಡ್ಡಿನಲ್ಲೇ ಇರಲಿ, ಉಳಿದಿದೆಯೆಂದು ಕಾರಿಗೆ ಸುರಿಯಬೇಡ. ಫಿಲ್ಟರ್ ಹೊಸದು ಹಾಕಿಸು.

ಸೋಮವಾರ ನಾನು ಇದನ್ನೇ ಹೇಳಿದಾಗ ಅಪ್ಪ, "ನೀರಂಗಿರೋ ಎಣ್ಣೆ ಇಂಜಿನ್‌ನ ಏನ್ ಕಾಯ್ತದವ್ವ? ಸುಮ್ಕಿರು" ಎಂದರು. ನೀನು ನಕ್ಕೆ. ಹೊಸ ಇಂಜಿನ್ನಿನ ಸಂದುಗಳು ಸಣ್ಣವು, ಬೆಳಗಿನ ಚಳಿಯಲ್ಲಿ ದಪ್ಪ ಎಣ್ಣೆ ಅಲ್ಲಿಗೆ ಬೇಗ ತಲುಪುವುದಿಲ್ಲ ಎಂದು ಆಮೇಲೆ ಅಡುಗೆಮನೆಯಲ್ಲಿ ನಿನಗೆ ಬಿಡಿಸಿ ಹೇಳಿದೆ. ನಿನ್ನೆ ಊಟಕ್ಕೆ ಕೂತಾಗ ನೀನು ಅದನ್ನೇ ನನ್ನ ಹೆಸರೆತ್ತದೆ ಒಪ್ಪಿಸಿದೆ. ಅಪ್ಪನ ಮುಖ ಅರಳಿತು.

"ನೋಡು, ಗಾಡಿ ವಿಚಾರ ಅಂದ್ರೆ ನಮ್ ತೇಜಸ್ಸು ಕಣವ್ವ. ಭಾನ್ವಾರ ಭೇರ್ಯಕ್ಕೆ ಅವ್ನೇ ಓಡಿಸ್ಲಿ ಬುಡು."

ಭೇರ್ಯದಲ್ಲಿ ಅತ್ತೆ ಮನೆಯ ನಾಮಕರಣಕ್ಕೆ ಕಾರು ನಾನೇ ಓಡಿಸಿಕೊಂಡು ಬರುತ್ತೇನೆಂದು ಅತ್ತೆಗೆ ಫೋನ್ ಮಾಡಿ ಹೇಳಿಯಾಗಿತ್ತು. ನನಗೆ ಲೈಸೆನ್ಸ್ ಬಂದ ಮೇಲೆ ನಾನು ಓಡಿಸಲು ಅಪ್ಪ ಒಪ್ಪಿದ್ದು ಇದೇ ಮೊದಲು. ಹೌದು, ನನಗೆ ಹೊಟ್ಟೆಕಿಚ್ಚು. ನಿನ್ನೆ ನಿನ್ನನ್ನು ನೋಡಿದ ಹಾಗೆ ಅವರು ನನ್ನನ್ನು ಒಮ್ಮೆಯೂ ನೋಡಿಲ್ಲ.

ಸಾರು ಬಿಸಿ ಮಾಡಿಕೋ. ಎಣ್ಣೆ ಹಾಕಿದ ಮೇಲೆ ಗೇಜ್ ಕಡ್ಡಿ ಎಳೆದು ಮಟ್ಟ ನೋಡು, ಅಂದಾಜಿಗೆ ಬಿಡಬೇಡ.

ನಾನು ಬಸ್ಸಿನಲ್ಲಿ ಹುಣಸೂರಿಗೆ ಹೋಗಿದ್ದೇನೆ. ಈ ವಾರ ನನ್ನ ಕೈತಪ್ಪಿದ್ದು ಎರಡು: ನಾನಾಡಿದ ಮಾತು, ಡ್ರೈವರ್ ಸೀಟು.

ಸೌಂದರ್ಯ