ಕನ್ನಡಿ ನೀರಿನ ಮೇಲೆ

ಅಲಾಸ್ಕಾ
ಆಗಸ್ಟ್ 11, 2019

ನನ್ನ ಮುದ್ದಿನ ಕೊರಿನ್,

ಹೋದ ವಾರ ಫೋನಿನಲ್ಲಿ ನೀನು ಕೇಳಿದೆ: “ವಿಮಾನ ಹಾರಿಸೋಕೆ ಒಂದು ಲೈಸೆನ್ಸ್ ಇದೆಯಲ್ಲಮ್ಮ, ಅರವತ್ತೊಂದನೇ ವಯಸ್ಸಲ್ಲಿ ಇನ್ನೊಂದು ಯಾಕೆ?” ನಾನು ನಕ್ಕು ಮಾತು ಮರೆಸಿದೆ. ಈಗ ಹೇಳುತ್ತೇನೆ.

ನನ್ನ ಲೈಸೆನ್ಸು ಚಕ್ರದ ವಿಮಾನಕ್ಕೆ ಮಾತ್ರ. ಚಕ್ರದ ಬದಲು ದೋಣಿಯಂಥ ಕಾಲುಗಳಿದ್ದು, ಕೆರೆ ಸರೋವರಗಳ ಮೇಲೆ ಇಳಿಯುವ ವಿಮಾನಕ್ಕೆ ಬೇರೆ ಅರ್ಹತೆ ಬೇಕು. ಬರೆಯುವ ಪರೀಕ್ಷೆಯಿಲ್ಲ, ಏಳೆಂಟು ಗಂಟೆ ಹಾರಿ ಕಲಿತು, ಪರೀಕ್ಷಕರ ಪ್ರಶ್ನೆಗಳಿಗೆ ಉತ್ತರ ಹೇಳಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿಸಿ ತೋರಿಸಬೇಕು. ಖರ್ಚು ಮೂರೂವರೆ ಸಾವಿರ ಡಾಲರ್. ಬಚ್ಚಲುಮನೆ ಹೊಸದು ಮಾಡಿಸಿದೆ ಎಂದಿದ್ದೆನಲ್ಲ, ಅದು ಸುಳ್ಳು. ಒಡೆದ ತೊಟ್ಟಿ ಇನ್ನೂ ಹಾಗೇ ಇದೆ.

ಕಲಿಸಿದವಳು ಎಪ್ಪತ್ತನಾಲ್ಕರ ಟಾಲೆಫ್‌ಸನ್ ಅಜ್ಜಿ. ಮೊದಲ ದಿನವೇ ಕೈಪಂಪು ಕೊಟ್ಟು, “ದೋಣಿಗಾಲಿನಲ್ಲಿ ಸೋರಿರೋ ನೀರು ತೆಗಿ, ಆಮೇಲೆ ಹಾರೋ ಮಾತು” ಎಂದಳು. ಈ ವಿಮಾನಕ್ಕೆ ನೀರಿನ ಮೇಲೆ ಬ್ರೇಕೇ ಇಲ್ಲ, ಗೊತ್ತೇ? ಎಂಜಿನ್ ಶುರುವಾದರೆ ಹೊರಟೇಬಿಡುತ್ತದೆ. ದಡ ಸೇರುವಾಗ ಮೊದಲೇ ಎಂಜಿನ್ ಆರಿಸಿ, ಹಗ್ಗ ಹಿಡಿದು ಕಟ್ಟೆಗೆ ಹಾರಬೇಕು. ಎರಡನೆಯ ದಿನ ನಾನು ಸರಿಯಾಗಿ ಸರೋವರಕ್ಕೇ ಹಾರಿದೆ. ಅಜ್ಜಿ ಕೈ ಕೊಟ್ಟು ಎತ್ತುವ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಲೆ ಇರುವ ನೀರು ಸುಲಭ. ಗಾಳಿ ನಿಂತು ನೀರು ಕನ್ನಡಿಯಾದಾಗಲೇ ಕಷ್ಟ. ಕೆಳಗೂ ಆಕಾಶವೇ ಕಾಣುತ್ತದೆ. ಇನ್ನು ಹತ್ತಡಿಯೋ ಐವತ್ತಡಿಯೋ ಕಣ್ಣಿಗೆ ತಿಳಿಯುವುದಿಲ್ಲ. ವಿಮಾನದ ಮೂಗು ತುಸು ಮೇಲೆತ್ತಿ, ಎಂಜಿನ್ನಿನಲ್ಲಿ ಅಷ್ಟಿಷ್ಟು ಕಸುವು ಉಳಿಸಿಕೊಂಡು, ದಡದ ಮರಗಳನ್ನು ನೋಡುತ್ತ ಸುಮ್ಮನೆ ಕಾಯಬೇಕು.

“ನೀರು ಎಲ್ಲಿದೆ ಅಂತ ಹುಡುಕ್ಬೇಡ ಲೋರ್ನಾ. ಅದೇ ಬಂದು ತಾಗತ್ತೆ,” ಎನ್ನುತ್ತಿದ್ದಳು ಅಜ್ಜಿ.

ಪರೀಕ್ಷೆಯ ದಿನ ನಾನು ಹುಡುಕಿದೆ. ನೀರು ಬಂತೆಂದುಕೊಂಡು ಎಂಜಿನ್ನಿನ ಕಸುವು ಇಳಿಸಿದೆ, ಬಂದಿರಲಿಲ್ಲ. ಧಡ್ಡನೆ ಬಿದ್ದೆವು. ವಿಮಾನಕ್ಕೇನೂ ಆಗಲಿಲ್ಲ. ಪರೀಕ್ಷಕರು, “ಇವತ್ತಿಗೆ ಸಾಕಮ್ಮ” ಎಂದರು. ಮೂವತ್ತು ವರ್ಷ ಹಿಮದಲ್ಲಿ ಅಂಚೆ ಹಂಚಿದವಳು ನಾನು, ಕಾರಿನಲ್ಲಿ ಕೂತು ಅತ್ತೆ. ಮತ್ತೆ ಆರುನೂರು ಡಾಲರ್ ಕಟ್ಟಿ ಮೂರು ಪಾಠ ಹೇಳಿಸಿಕೊಂಡೆ.

ಎರಡನೆಯ ಸಲವೂ ಗಾಳಿ ಇರಲಿಲ್ಲ. ಮರಗಳನ್ನೇ ನೋಡುತ್ತ ಕಾದೆ. ಎಷ್ಟು ಹೊತ್ತೋ ಏನೋ. ಕಾಲಡಿಯಲ್ಲಿ ಸರ್ರನೆ ಮೆತ್ತಗಿನ ಸದ್ದು. ಇಳಿದಿದ್ದೇ ಗೊತ್ತಾಗಲಿಲ್ಲ, ಮಗಳೇ! ಪರೀಕ್ಷಕರು ಪೆನ್ನು ತೆಗೆದು ಪಾಸೆಂದು ಸಹಿ ಹಾಕಿದರು.

ತೊಟ್ಟಿಯ ವಿಷಯಕ್ಕೆ ಬೈಯಬೇಡ.

ಪ್ರೀತಿಯ,
ಅಮ್ಮ

ಮರೆತೆ: ಇದನ್ನು ಬರೆಯುತ್ತಿರುವುದು ನಮ್ಮ ಮನೆಯಿಂದಲ್ಲ, ಮಾರ್ಜಿ ಚಿಕ್ಕಮ್ಮನ ಅಡುಗೆಮನೆಯಿಂದ. ನಿನ್ನ ಅಜ್ಜಿಯನ್ನು, ನಮ್ಮಿಬ್ಬರ ಅಮ್ಮನನ್ನು, ಮಣ್ಣು ಮಾಡಿದ ದಿನ ಜಗಳವಾಡಿದ ನಾವು ಒಂಬತ್ತು ವರ್ಷ ಮಾತಾಡಿರಲಿಲ್ಲ. ಅವಳು ಫೋನ್ ಎತ್ತುತ್ತಿರಲಿಲ್ಲ. ಅವಳಿರುವ ಸರೋವರಕ್ಕೆ ರಸ್ತೆಯೂ ಇಲ್ಲ. ಇವತ್ತು ಟಾಲೆಫ್‌ಸನ್ ಅಜ್ಜಿಯ ವಿಮಾನವನ್ನು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾನೇ ಇಲ್ಲಿ ಇಳಿಸಿದೆ. ಮಾರ್ಜಿ ಕಟ್ಟೆಯ ಮೇಲೆ ನಿಂತು, “ಯಾರ್ರೀ ಅದು? ನಾನು ಯಾರಿಗೂ ಹೇಳಿ ಕಳಿಸಿಲ್ಲ” ಎಂದು ಕೂಗಿದಳು. ನಾನು ಟೋಪಿ ತೆಗೆದೆ. ಕಣ್ಣಿಗೆ ಕೈ ಅಡ್ಡ ಹಿಡಿದು ಕಟ್ಟೆಯ ಅಂಚಿಗೆ ಬಂದಳು. ಆಮೇಲೆ, “ಹಗ್ಗ ಎಸಿಯೇ ಪೆದ್ದಿ, ತೇಲಿಕೊಂಡು ಹೋಗ್ತಿದೀಯ!” ಎಂದಳು.